ಊರಲ್ಲೇ ಉಳಿದ ಜ್ವರ, ಊರು ದಾಟಿದ ಜ್ವರ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಮಲೆನಾಡಿನಲ್ಲಿ ಡಿಸೆಂಬರ್ ದಾಟಿತು ಅಂದರೆ ಒಂದು ಪ್ರಶ್ನೆ ಶುರುವಾಗುತ್ತದೆ. "ಈ ಸಲ ಎಷ್ಟು ಕೇಸಂತೆ?" ಬಸ್ಸಿನಲ್ಲಿ, ಅಂಗಡಿ ಕಟ್ಟೆಯಲ್ಲಿ, ಅಡಕೆ ಸುಲಿಯುವ ಚಪ್ಪರದಲ್ಲಿ ಇದೇ ಮಾತು. ಯಾವ ಕಾಯಿಲೆ ಅಂತ ಹೆಸರು ಹೇಳುವುದೂ ಬೇಕಿಲ್ಲ. ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿ ಕಡೆಯವರಿಗೆ ಅದು ಮಂಗನ ಕಾಯಿಲೆ ಅಂತ ಗೊತ್ತೇ ಇರುತ್ತದೆ.

ಎಷ್ಟು ಕೇಸು ಅಂತ ಕೇಳುವುದು ಸರಿಯೇ. ಆದರೆ ಬರೀ ಸಂಖ್ಯೆ ಹಿಡಿದುಕೊಂಡು ಹೆದರುವುದೂ ಸರಿಯಲ್ಲ, ಧೈರ್ಯ ತಂದುಕೊಳ್ಳುವುದೂ ಸರಿಯಲ್ಲ. ಆಗುಂಬೆಯಲ್ಲಿ ಜುಲೈ ತಿಂಗಳಲ್ಲಿ ಒಂದೇ ದಿನ 100 ಮಿಲಿಮೀಟರ್ ಮಳೆ ಬಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅಷ್ಟೇ ಮಳೆ ಚಳ್ಳಕೆರೆಯಲ್ಲಿ ಸುರಿದರೆ ಜನ ಕೆರೆ ಏರಿ ನೋಡಲು ಓಡುತ್ತಾರೆ. ರೋಗದ ಲೆಕ್ಕವೂ ಇದೇ ರೀತಿ. ಆ ಊರಲ್ಲಿ, ಆ ತಿಂಗಳಲ್ಲಿ ಸಾಮಾನ್ಯವಾಗಿ ಎಷ್ಟು ಜನಕ್ಕೆ ಬರುತ್ತಿತ್ತು, ಈಗ ಎಷ್ಟು ಜನಕ್ಕೆ ಬಂದಿದೆ, ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.

ಹೀಗೆ ನೋಡಿದಾಗ ಅಂಟುರೋಗಗಳು ನಾಲ್ಕು ಬಗೆಯಾಗಿ ಕಾಣುತ್ತವೆ. ಅಲ್ಲೊಂದು ಇಲ್ಲೊಂದು, ಒಂದಕ್ಕೊಂದು ಸಂಬಂಧವಿಲ್ಲದಂತೆ ಬರುವುದನ್ನು ಸ್ಪೊರಾಡಿಕ್ ಅನ್ನುತ್ತಾರೆ, ಅಂದರೆ ಬಿಡಿ ಪ್ರಕರಣ. ಒಂದು ಸೀಮೆಯಲ್ಲಿ ನೆಲೆಯೂರಿ, ಹೆಚ್ಚು ಕಡಿಮೆ ಆಗುತ್ತಾ ಅಲ್ಲೇ ಉಳಿದರೆ ಎಂಡೆಮಿಕ್. ಎಂದಿನ ಮಟ್ಟ ಮೀರಿ ಏರಿದರೆ ಎಪಿಡೆಮಿಕ್, ನಮ್ಮ ಮಾತಿನಲ್ಲಿ ಪಿಡುಗು. ಆ ಏರಿಕೆ ಒಂದೆರಡು ಊರಿಗೆ, ಒಂದು ಹಾಸ್ಟೆಲ್ಲಿಗೆ ಸೀಮಿತವಾದಾಗ ಔಟ್‌ಬ್ರೇಕ್ ಅನ್ನುವುದು ವಾಡಿಕೆ. ದೇಶ, ಖಂಡಗಳನ್ನು ದಾಟಿ ಹಬ್ಬಿದರೆ ಪ್ಯಾಂಡೆಮಿಕ್.

ಪಿಡುಗು ಅನ್ನಲು ಇಷ್ಟೇ ಜನ ಬೀಳಬೇಕು ಅಂತ ಎಲ್ಲೂ ಬರೆದಿಟ್ಟಿಲ್ಲ. ಪೋಲಿಯೊ ನೋಡಿ. ಭಾರತದಲ್ಲಿ ಪೋಲಿಯೊದ ಸಹಜ ವೈರಸ್ಸಿನಿಂದ ಕೊನೆಯ ಮಗುವಿಗೆ ಕಾಯಿಲೆ ಬಂದದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದಲ್ಲಿ. 2014ರ ಮಾರ್ಚ್‌ನಲ್ಲಿ ನಮ್ಮನ್ನು ಪೋಲಿಯೊ ಮುಕ್ತ ಎಂದು ಘೋಷಿಸಿದರು. ಇವತ್ತು ಶಿವಮೊಗ್ಗದಲ್ಲಿ ಒಂದೇ ಒಂದು ಮಗುವಿಗೆ ಅದು ಬಂದರೂ ದೇಶವೇ ಎದ್ದು ಕೂರಬೇಕಾಗುತ್ತದೆ. ಅದೇ ಮಳೆಗಾಲದಲ್ಲಿ ಒಂದು ಶಾಲೆಯ ಇಪ್ಪತ್ತು ಮಕ್ಕಳಿಗೆ ನೆಗಡಿ ಆದರೆ ಯಾರೂ ಅದನ್ನು ಪಿಡುಗು ಅನ್ನುವುದಿಲ್ಲ.

ಈ ನಾಲ್ಕರಲ್ಲಿ ಜನ ತುಂಬಾ ಹಗುರವಾಗಿ ತೆಗೆದುಕೊಳ್ಳುವುದು ಎಂಡೆಮಿಕ್ ಅನ್ನುವುದನ್ನು. ಕೋವಿಡ್ ಕಡಿಮೆಯಾಗುತ್ತಾ ಬಂದಾಗ "ಇನ್ನು ಎಂಡೆಮಿಕ್ ಆಯ್ತಂತೆ, ಇನ್ನೇನೂ ಭಯ ಇಲ್ಲ" ಅಂತ ಎಷ್ಟೋ ಜನ ಹೇಳಿದರು. ನನಗೆ ಆ ಮಾತು ಕೇಳಿದಾಗಲೆಲ್ಲ ಸಂಕಟವಾಗುತ್ತಿತ್ತು. ರೋಗ ಒಂದು ಕಡೆ ನೆಲೆ ನಿಂತಿದೆ ಅಂದರೆ ಅದು ಸೌಮ್ಯವಾಗಿದೆ ಅಂತ ಅರ್ಥ ಅಲ್ಲ. ಇದು ಮಲೆನಾಡಿನವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರಲಿಕ್ಕಿಲ್ಲ.

ಹಿಂದಿನ ಕಾಲದ ಚಳಿಜ್ವರವನ್ನೇ ತೆಗೆದುಕೊಳ್ಳಿ. ಮಲೆನಾಡಿಗೆ ವರ್ಗವಾಯಿತು ಅಂದರೆ ಸರ್ಕಾರಿ ನೌಕರರ ಮನೆಯಲ್ಲಿ ಅಳು ಕೇಳುತ್ತಿತ್ತು ಅಂತ ಹಿರಿಯರು ಹೇಳುತ್ತಿದ್ದರು. ಆ ಭಯಕ್ಕೆ ಕಾರಣ ಮಲೇರಿಯಾ. ಇಲ್ಲಿ ಅದನ್ನು ಹರಡುತ್ತಿದ್ದುದು ಅನಾಫಿಲಿಸ್ ಫ್ಲೂವಿಯಾಟಿಲಿಸ್ ಎಂಬ ಸೊಳ್ಳೆ. ಕೊಳಚೆ ನೀರು ಅದಕ್ಕೆ ಬೇಡ. ನಿಧಾನವಾಗಿ ಹರಿಯುವ ತಿಳಿನೀರಿನ ಹಳ್ಳದ ಅಂಚು, ಹುಲ್ಲು ಬೆಳೆದ ಕಾಲುವೆ, ಇಂಥ ಜಾಗ ಬೇಕು. ಮಲೆನಾಡಿನಲ್ಲಿ ಅದಕ್ಕೇನು ಕೊರತೆ?

ಮಲೇರಿಯಾ ಒಂದು ಊರಲ್ಲಿ ಎಷ್ಟು ಬೇರು ಬಿಟ್ಟಿದೆ ಅಂತ ತಿಳಿಯಲು ವೈದ್ಯರು ಮಕ್ಕಳ ಹೊಟ್ಟೆ ಮುಟ್ಟಿ ನೋಡುತ್ತಿದ್ದರು. ಮತ್ತೆ ಮತ್ತೆ ಜ್ವರ ಬಂದ ಮಗುವಿಗೆ ಎಡಪಕ್ಕೆಯ ಕೆಳಗಿರುವ ಗುಲ್ಮ ಊದಿಕೊಳ್ಳುತ್ತದೆ. ಎರಡರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ನೂರಕ್ಕೆ ಹತ್ತಕ್ಕಿಂತ ಕಡಿಮೆ ಮಕ್ಕಳಿಗೆ ಹಾಗಾಗಿದ್ದರೆ ರೋಗದ ನೆಲೆ ಸಡಿಲ. ಐವತ್ತು ದಾಟಿದರೆ ಗಟ್ಟಿ. ಎಪ್ಪತ್ತೈದು ದಾಟಿದರೆ ಆ ಊರಲ್ಲಿ ಮಲೇರಿಯಾ ಸೋಕದ ಮನೆಯೇ ಇಲ್ಲ ಅಂತ ತಿಳಿಯಬೇಕು. ಇದರಲ್ಲಿ ಇನ್ನೊಂದು ಸಂಗತಿ ಇದೆ. ಅಷ್ಟು ಗಟ್ಟಿಯಾಗಿ ನೆಲೆಯೂರಿದ ಕಡೆ ದೊಡ್ಡವರು ಆರೋಗ್ಯವಾಗಿ ಇದ್ದಂತೆ ಕಾಣುತ್ತಾರೆ. ಬದುಕಿ ಉಳಿದವರ ಮೈಗೆ ಸ್ವಲ್ಪ ತಡೆಯುವ ಶಕ್ತಿ ಬಂದಿರುತ್ತದೆ. ಸಾಯುವುದು ಎಳೆ ಮಕ್ಕಳು. ಹೊರಗಿಂದ ಹೊಸದಾಗಿ ಬಂದವರು ಜ್ವರ ಹಿಡಿದು ಮಲಗುತ್ತಾರೆ. ಹೀಗೆ ವರ್ಷವರ್ಷವೂ ನಡೆದರೆ ಅದು ಸುದ್ದಿ ಆಗುವುದಿಲ್ಲ, "ಇಲ್ಲಿ ಹೀಗೇ" ಅನ್ನುವ ಮಾತಾಗಿಬಿಡುತ್ತದೆ. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಶುರುವಾದ ಡಿಡಿಟಿ ಸಿಂಪಡಣೆಯಿಂದ ಆ ಸ್ಥಿತಿ ಬದಲಾಯಿತು.

ಮಲೇರಿಯಾ ಹಿಂದೆ ಸರಿಯುತ್ತಿದ್ದ ಹೊತ್ತಿನಲ್ಲೇ ಇನ್ನೊಂದು ಜ್ವರ ಬೆಳಕಿಗೆ ಬಂತು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗಳಲ್ಲಿ ಜನರಿಗೆ ವಿಪರೀತ ಜ್ವರ. ಮಂಗ, ಮನುಷ್ಯ ಒಟ್ಟೊಟ್ಟಿಗೆ ಸಾಯುವುದನ್ನು ಕಂಡು ಪುಣೆಯ ವೈರಸ್ ಸಂಶೋಧನಾ ಕೇಂದ್ರದವರಿಗೆ ಮೊದಲು ಬಂದ ಅನುಮಾನ ಹಳದಿ ಜ್ವರದ ಮೇಲೆ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹಳದಿ ಜ್ವರ ಹೀಗೇ ಮಂಗಗಳನ್ನು ಕೊಲ್ಲುತ್ತದೆ. ಅದು ಭಾರತಕ್ಕೆ ಕಾಲಿಟ್ಟಿದ್ದರೆ ಎಂಥ ಅನಾಹುತ ಆಗುತ್ತಿತ್ತು! ಪರೀಕ್ಷೆ ಮಾಡಿದಾಗ ಸಿಕ್ಕಿದ್ದು ಬೇರೆ, ಹೊಸದೇ ಆದ ವೈರಸ್. ಅದು ತರುವ ಜ್ವರವೇ ನಮ್ಮ ಮಂಗನ ಕಾಯಿಲೆ. ಉಣುಗು ಅಂದರೆ ಪ್ರಾಣಿಗಳ ಮೈಗೆ ಅಂಟಿಕೊಂಡು ರಕ್ತ ಹೀರುವ ಸಣ್ಣ ಜೀವಿ; ರಷ್ಯಾ ಕಡೆಯ ಉಣುಗಿನಿಂದ ಬರುವ ಮಿದುಳು ಜ್ವರದ ವೈರಸ್ಸಿಗೆ ಈ ವೈರಸ್ ಹತ್ತಿರದ ಸಂಬಂಧಿ. ಸೈಬೀರಿಯಾದಿಂದ ಬರುವ ವಲಸೆ ಹಕ್ಕಿಗಳು ಉಣುಗುಗಳನ್ನು ಹೊತ್ತು ತಂದಿರಬಹುದೇ ಎಂಬ ಪ್ರಶ್ನೆಯೂ ಎದ್ದಿತು. ಪಕ್ಷಿತಜ್ಞ ಸಲೀಂ ಅಲಿಯವರ ಮುಂದಾಳತ್ವದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕೆಲಸ 1959ರಲ್ಲಿ ಶುರುವಾದದ್ದರ ಹಿಂದೆ ಈ ಪ್ರಶ್ನೆ ಇತ್ತು. ನಮ್ಮ ಸೊರಬದ ಒಂದು ಕಾಡಿನ ಜ್ವರ ಇಡೀ ದೇಶದ ಹಕ್ಕಿ ಅಧ್ಯಯನಕ್ಕೆ ದಾರಿ ಮಾಡಿತು ಅನ್ನುವುದು ಇಲ್ಲಿನ ಶಾಲಾ ಮಕ್ಕಳಿಗೂ ಗೊತ್ತಿರಬೇಕು ಅಂತ ನನ್ನ ಆಸೆ.

ಮಂಗನ ಕಾಯಿಲೆ ಹಬ್ಬುವ ರೀತಿ ಕೋವಿಡ್ ಥರ ಅಲ್ಲ. ಮನುಷ್ಯನಿಂದ ಮನುಷ್ಯನಿಗೆ ಅದು ಅಂಟುವುದಿಲ್ಲ. ಮನೆಯಲ್ಲಿ ಒಬ್ಬರಿಗೆ ಬಂದರೆ ಅವರನ್ನು ದೂರ ಇಡಬೇಕಾಗಿಲ್ಲ, ಅವರ ತಟ್ಟೆ ಲೋಟ ಬೇರೆ ಮಾಡಬೇಕಾಗಿಲ್ಲ. ದಯವಿಟ್ಟು ಹಾಗೆ ಮಾಡಬೇಡಿ. ವೈರಸ್ ಓಡಾಡುವುದು ಉಣುಗು, ಕಾಡಿನ ಇಲಿ ಹೆಗ್ಗಣದಂಥ ಸಣ್ಣ ಪ್ರಾಣಿ, ಮಂಗ, ಮುಸಿಯ ಇವುಗಳ ನಡುವೆ. ಮಂಗ ಸತ್ತಾಗ ಅದರ ಮೈ ಮೇಲಿನ ಉಣುಗುಗಳು ಕೆಳಗೆ ಉದುರಿ ಆ ಜಾಗವೆಲ್ಲ ಅಪಾಯದ ಜಾಗವಾಗುತ್ತದೆ. ಮನುಷ್ಯನಿಗೆ ಕಚ್ಚುವುದು ಹೆಚ್ಚಾಗಿ ಮರಿ ಉಣುಗು. ಕಣ್ಣಿಗೆ ಸುಲಭವಾಗಿ ಕಾಣುವುದಿಲ್ಲ. ಅವು ಜಾಸ್ತಿ ಇರುವುದು ಡಿಸೆಂಬರ್‌ನಿಂದ ಮೇ ತನಕ. ನಾವು ಸೊಪ್ಪಿನಬೆಟ್ಟಕ್ಕೆ ಹೋಗಿ ದರಗು, ಅಂದರೆ ಉದುರಿದ ಒಣ ಎಲೆ, ಗುಡಿಸುವುದು, ಸೌದೆ ತರುವುದು ಯಾವಾಗ? ಅದೇ ತಿಂಗಳುಗಳಲ್ಲಿ. ಕೊಟ್ಟಿಗೆಗೆ, ತೋಟಕ್ಕೆ ದರಗು ಬೇಕೇ ಬೇಕು. ಹಾಗಾಗಿ "ಕಾಡಿಗೆ ಹೋಗಬೇಡಿ" ಅಂತ ಸುಮ್ನೆ ಹೇಳಿಬಿಡುವುದು ನ್ಯಾಯವಲ್ಲ. ಹೋಗುವ ಮುಂಚೆ ಉಣುಗು ಹತ್ತದಂತೆ ತಡೆಯುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ, ಮೈತುಂಬಾ ಬಟ್ಟೆ ಹಾಕಿಕೊಳ್ಳಿ, ಬಂದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿನಲ್ಲಿ ಒಗೆಯಿರಿ ಅಂತ ಹೇಳಬೇಕು. ಹಳೆಯ ಲಸಿಕೆಯ ಬಳಕೆ ಈಗ ನಿಂತಿದೆ, ಹೊಸ ಲಸಿಕೆಯ ಕೆಲಸ ನಡೆದಿದೆ. ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಇಷ್ಟೇ.

ಎಂಡೆಮಿಕ್ ಆದ ರೋಗ ಹಾಕಿದ ಗೆರೆಯೊಳಗೇ ಇರುತ್ತದೆ ಅಂತಲೂ ಇಲ್ಲ. ಮೊದಲು ಶಿವಮೊಗ್ಗ ಜಿಲ್ಲೆಯ ಕಾಯಿಲೆ ಅಂದುಕೊಂಡಿದ್ದೆವು. ಎಂಬತ್ತರ ದಶಕದ ಮೊದಲಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ಕಡೆ, ಗೇರು ತೋಟಕ್ಕೆಂದು ಕಾಡು ಕಡಿದ ಜಾಗದ ಸುತ್ತ ದೊಡ್ಡದಾಗಿ ಕಾಣಿಸಿಕೊಂಡಿತು. 2012ರ ನಂತರ ಬಂಡೀಪುರ, ವಯನಾಡು, ನೀಲಗಿರಿ, ಆಮೇಲೆ ಗೋವಾ, ಮಹಾರಾಷ್ಟ್ರದ ಸಿಂಧುದುರ್ಗ. ನೆಲೆ ಅಗಲವಾಗುತ್ತಾ ಹೋಯಿತು. ನೆಲೆಯ ಒಳಗೇ ಒಮ್ಮೊಮ್ಮೆ ಭುಗಿಲೇಳುವುದೂ ಉಂಟು. 2018ರ ಕೊನೆಯಿಂದ 2019ರ ಬೇಸಿಗೆವರೆಗೆ ಸಾಗರ ತಾಲೂಕಿನ ಅರಳಗೋಡಿನಲ್ಲಿ ಆದದ್ದು ಹಾಗೆ. ಆ ಸೀಮೆಗೆ ರೋಗ ಹೊಸದಲ್ಲ, ಆದರೆ ಆ ಊರು ಆ ವರ್ಷ ಕಂಡ ಸಾವುಗಳು "ಇಲ್ಲಿ ಹೀಗೇ" ಅನ್ನುವಂಥವಲ್ಲ.

ಪಿಡುಗುಗಳಲ್ಲೂ ಎರಡು ರೀತಿ ಇದೆ. ಮದುವೆ ಊಟ ಮಾಡಿದವರಿಗೆಲ್ಲ ಒಂದೇ ರಾತ್ರಿ ವಾಂತಿಭೇದಿ ಶುರುವಾದರೆ ಮೂಲ ಒಂದೇ ಅಂತ ಗೊತ್ತಾಗುತ್ತದೆ. ಎಲ್ಲರೂ ಹೆಚ್ಚು ಕಡಿಮೆ ಒಟ್ಟಿಗೇ ಬೀಳುತ್ತಾರೆ, ಮೂಲ ಮುಚ್ಚಿದರೆ ನಿಲ್ಲುತ್ತದೆ. 1854ರಲ್ಲಿ ಲಂಡನ್ನಿನಲ್ಲಿ ಕಾಲರಾ ಬಂದಾಗ ಜಾನ್ ಸ್ನೋ ಎಂಬ ವೈದ್ಯರು ಸತ್ತವರ ಮನೆಗಳನ್ನು ಗುರುತು ಮಾಡಿ, ಅವರಲ್ಲಿ ಹೆಚ್ಚಿನವರು ಒಂದೇ ಪಂಪಿನ ನೀರು ಕುಡಿದವರು ಅಂತ ತೋರಿಸಿಕೊಟ್ಟು, ಆ ಪಂಪಿನ ಹಿಡಿಕೆ ತೆಗೆಸಿದರು. ದಡಾರ ಹಾಗಲ್ಲ. ಒಂದು ಮಗುವಿಗೆ ಬಂದು, ಹತ್ತು ಹನ್ನೆರಡು ದಿನ ಬಿಟ್ಟು ಅದರ ಜೊತೆಯ ಮಕ್ಕಳಿಗೆ, ಇನ್ನಷ್ಟು ದಿನ ಬಿಟ್ಟು ಅವರ ಜೊತೆಯವರಿಗೆ, ಹೀಗೆ ಅಲೆಯ ಮೇಲೆ ಅಲೆ. ಯಾರಿಗೂ ಲಸಿಕೆ ಹಾಕಿರದ ಕಡೆ ದಡಾರದ ಒಂದು ಮಗುವಿನಿಂದ 12ರಿಂದ 18 ಜನರಿಗೆ ಹರಡಬಲ್ಲದು. ಇಲ್ಲಿ ಮುಚ್ಚಲು ಪಂಪೂ ಇಲ್ಲ, ಬಾವಿಯೂ ಇಲ್ಲ. ಲಸಿಕೆಯೇ ಗತಿ.

ಪ್ಯಾಂಡೆಮಿಕ್ ಬಗ್ಗೆ ನಮಗೆಲ್ಲ ಅನುಭವವೇ ಇದೆ ಅಲ್ವಾ? ಒಂದು ಮಾತು ಮಾತ್ರ ಹೇಳುತ್ತೇನೆ. ಆ ಹೆಸರು ರೋಗ ಎಷ್ಟು ದೂರ ಹಬ್ಬಿದೆ ಅನ್ನುವುದನ್ನು ಹೇಳುತ್ತದೆ, ಎಷ್ಟು ಕೊಲ್ಲುತ್ತದೆ ಅನ್ನುವುದನ್ನಲ್ಲ. 1918ರ ಇನ್‌ಫ್ಲುಯೆಂಜಾ ಭಾರತವೊಂದರಲ್ಲೇ ಒಂದು ಕೋಟಿಗೂ ಹೆಚ್ಚು ಜನರನ್ನು ಕೊಂದಿತು. 2009ರ ಎಚ್1ಎನ್1 ಕೂಡ ಪ್ಯಾಂಡೆಮಿಕ್ಕೇ, ಆದರೆ ಹೆದರಿದಷ್ಟು ಸಾವು ಆಗಲಿಲ್ಲ. ಮಂಗನ ಕಾಯಿಲೆ ಎಂದೂ ಪ್ಯಾಂಡೆಮಿಕ್ ಆಗಿಲ್ಲ. ಆದರೂ ಅದು ಬಂದ ನೂರು ಜನರಲ್ಲಿ ಮೂರರಿಂದ ಐದು ಜನ ಸಾಯುತ್ತಾರೆ.

ಈ ವಿಂಗಡಣೆ ವೈದ್ಯರ ಪುಸ್ತಕಕ್ಕೆ ಮಾತ್ರ ಸೇರಿದ್ದಲ್ಲ, ನಿಮಗೂ ಬೇಕು. ಯಾಕೆ ಅಂದರೆ, ಸೊರಬದ ಆರೋಗ್ಯ ಕೇಂದ್ರದಲ್ಲಿ ಫೆಬ್ರವರಿಯಲ್ಲಿ ಜ್ವರ, ತಲೆನೋವು, ಮೈಕೈ ನೋವು ಅಂದರೆ ಅಲ್ಲಿನವರಿಗೆ ಕೂಡಲೇ ಅನುಮಾನ ಬರುತ್ತದೆ. ಅದೇ ವ್ಯಕ್ತಿ ದರಗು ಗುಡಿಸಿ ಬಂದ ಮೂರು ದಿನಕ್ಕೆ ಮಗಳ ಮನೆಗೆಂದು ಬೆಂಗಳೂರಿಗೆ ಹೋಗಿ, ಅಲ್ಲಿ ಜ್ವರ ಬಂದು ಮಲಗಿದರೆ? ಉಣುಗು ಕಚ್ಚಿ ಮೂರರಿಂದ ಎಂಟು ದಿನಕ್ಕೆ ಜ್ವರ ಬರುವ ಕಾರಣ ಹೀಗಾಗುವುದು ಸಹಜ. ಬೆಂಗಳೂರಿನ ವೈದ್ಯರ ಕಣ್ಣಿಗೆ ಅದು ಒಂಟಿ ಜ್ವರ. ಡೆಂಗಿಯೋ ಟೈಫಾಯ್ಡೋ ಅಂತ ನೋಡುತ್ತಾರೆ. ಈ ಕಾಯಿಲೆಗೆ ಅಂತಲೇ ಔಷಧಿ ಇಲ್ಲದಿದ್ದರೂ, ರಕ್ತಸ್ರಾವ ಆಗದಂತೆ, ಮೈಯಲ್ಲಿ ನೀರಿನಂಶ ಇಳಿಯದಂತೆ ಬೇಗ ನೋಡಿಕೊಂಡರೆ ಜೀವ ಉಳಿಯುತ್ತದೆ. ಹಾಗಾಗಿ ಅವರು ಕೇಳಲಿ, ಬಿಡಲಿ, ನೀವೇ ಮೊದಲು ಹೇಳಿ. "ನಾನು ಸೊರಬದ ಕಡೆಯವನು. ಹೋದ ವಾರ ಕಾಡಿಗೆ ಹೋಗಿದ್ದೆ. ನಮ್ಮಲ್ಲಿ ಮಂಗ ಸತ್ತಿತ್ತು." ಊರಲ್ಲಿ ಮಂಗ ಸತ್ತದ್ದು ಕಂಡರೆ ಮುಟ್ಟದೆ, ಅದೇ ದಿನ ಆಶಾ ಕಾರ್ಯಕರ್ತೆಗೋ ಪಂಚಾಯಿತಿಗೋ ತಿಳಿಸಿ.

ನಮಸ್ಕಾರ.