ಒಕ್ಕಲೆಬ್ಬಿಸಿದ್ದನ್ನು ಕಂಡ ಹುಡುಗ, ಜಮೀನು ಹಂಚಿದ ಮಂತ್ರಿ

ಕೇಳುಗರೆಲ್ಲರಿಗೂ ನಮಸ್ಕಾರ.

ಸ್ಕಾಟ್ಲೆಂಡಿನ ಉತ್ತರದ ಗುಡ್ಡಗಾಡಿನಲ್ಲಿ ಕ್ರೋಯಿಕ್ ಎಂಬಲ್ಲಿ ಒಂದು ಪುಟ್ಟ ಚರ್ಚಿದೆ. ಅದರ ಕಿಟಕಿ ಗಾಜಿನ ಮೇಲೆ 1845ರಲ್ಲಿ ಗೀಚಿದ ಸಾಲುಗಳನ್ನು ಇವತ್ತಿಗೂ ಓದಬಹುದು. ಗೀಚಿದವರು ಗ್ಲೆನ್‌ಕಾಲ್ವಿ ಕಣಿವೆಯ ಗೇಣಿದಾರರು. ಕುರಿ ಸಾಕಣೆಯಿಂದ ಜಾಸ್ತಿ ಲಾಭ ಎಂದು ಅವರನ್ನು ಒಕ್ಕಲೆಬ್ಬಿಸಿದ್ದರು. ಹೋಗಲು ಜಾಗವಿಲ್ಲದೆ ಅವರು ಚರ್ಚಿನ ಸ್ಮಶಾನದಲ್ಲಿ ಕಂಬಳಿ, ಟಾರ್ಪಾಲು ಕಟ್ಟಿಕೊಂಡು ಕೂತರು. ಗಾಜಿನ ಮೇಲೆ ತಮ್ಮನ್ನೇ 'ದುಷ್ಟ ಪೀಳಿಗೆ' ಎಂದು ಬರೆದುಕೊಂಡರು. ಮನೆ ಕಳೆದುಕೊಂಡವರು ಇದು ತಮ್ಮದೇ ಪಾಪದ ಫಲ ಎಂದುಕೊಂಡಿದ್ದರು. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಆ ಜನರನ್ನು ಕಣ್ಣಾರೆ ಕಂಡ ಹುಡುಗ ಜಾನ್ ಮೆಕೆಂಜಿ. ಆಗ ಐದಾರು ವರ್ಷ. ಅವನ ಅಪ್ಪನೂ ರಾಸ್‌ಶೈರ್‌ನ ಒಬ್ಬ ಗೇಣಿದಾರ. ಮನೆಮಾತು ಗೇಲಿಕ್. ಆ ನೋಟ ಅವನನ್ನು ಕೊನೆಯವರೆಗೂ ಬಿಡಲಿಲ್ಲ.

1860ರಲ್ಲಿ ಮೆಕೆಂಜಿ ಮದುವೆಯಾದರು. ಅದೇ ವರ್ಷ ಹೆಂಡತಿಯ ಜೊತೆ ಹಡಗು ಹತ್ತಿ ನ್ಯೂಜಿಲೆಂಡಿನ ಒಟಾಗೊ ಪ್ರಾಂತ್ಯಕ್ಕೆ ಬಂದರು. ಮೊದಲು ದೊಡ್ಡ ಎಸ್ಟೇಟೊಂದರಲ್ಲಿ ಕುರಿ ಕಾದರು, ಆಮೇಲೆ ಅಲ್ಲೇ ಮೇಲ್ವಿಚಾರಕರಾದರು, ಕೊನೆಗೆ ಶ್ಯಾಗ್ ಕಣಿವೆಯಲ್ಲಿ ಸ್ವಂತ ಜಮೀನು ಮಾಡಿಕೊಂಡರು. 1881ರಲ್ಲಿ ಸಂಸತ್ತಿಗೆ ಆರಿಸಿಬಂದರು.

ಹೊಸ ದೇಶದಲ್ಲೂ ಹಳೆಯ ಕಥೆಯೇ ನಡೆಯುತ್ತಿತ್ತು. ಸಣ್ಣ ರೈತರಿಗೆಂದು ಸರ್ಕಾರ ಬಿಟ್ಟ ಜಮೀನನ್ನು ದೊಡ್ಡ ಕುರಿ ಧಣಿಗಳು ಬೇನಾಮಿಯಾಗಿ ಹಿಡಿಯುತ್ತಿದ್ದರು. ಕಾಗದದ ಮೇಲೆ ಕೂಲಿಯವನ ಹೆಸರು, ಜಮೀನು ಮಾತ್ರ ಧಣಿಯದು. ಮೆಕೆಂಜಿ ಇದರ ವಿರುದ್ಧ ಸಂಸತ್ತಿನಲ್ಲಿ ಗುಡುಗಿದರು.

1891ರಲ್ಲಿ ಲಿಬರಲ್ ಸರ್ಕಾರ ಬಂತು, ಮೆಕೆಂಜಿ ಭೂಮಿ ಖಾತೆಯ ಮಂತ್ರಿಯಾದರು. ಮರುವರ್ಷವೇ ಹೊಸ ಭೂ ಕಾಯ್ದೆ ತಂದರು. ಸರ್ಕಾರಿ ಜಮೀನನ್ನು ಸಣ್ಣ ರೈತರಿಗೆ 999 ವರ್ಷದ ಗೇಣಿಗೆ ಕೊಡುವ ಏರ್ಪಾಡು ಅದರಲ್ಲಿತ್ತು. ರೈತ ಅಲ್ಲೇ ವಾಸವಿದ್ದು ಉಳಬೇಕು, ಅಷ್ಟೇ. ಒಳ್ಳೆಯ ಜಮೀನಾದರೆ 640 ಎಕರೆಯ ಮಿತಿ. 999 ವರ್ಷ ಅಂದರೆ ಮೊಮ್ಮಕ್ಕಳ ಮೊಮ್ಮಕ್ಕಳನ್ನೂ ಯಾರೂ ಎಬ್ಬಿಸುವಂತಿಲ್ಲ ಎಂದೇ ಅರ್ಥ, ಅಲ್ವಾ? ಆ ಅಂಕಿಯ ಹಿಂದೆ ಕ್ರೋಯಿಕ್‌ನ ಸ್ಮಶಾನ ಇದೆ ಎಂದು ನಾನು ನಂಬುತ್ತೇನೆ.

ಅವರಿಗೆ ದೊಡ್ಡ ಹೆಸರು ತಂದದ್ದು ಚೆವಿಯಟ್ ಎಸ್ಟೇಟ್. 84,000 ಎಕರೆ, ಒಂದೇ ಮನೆತನದ್ದು. ತೆರಿಗೆಗಾಗಿ ಸರ್ಕಾರ ಕಟ್ಟಿದ ಬೆಲೆ ಜಾಸ್ತಿಯಾಯಿತೆಂದು ಅದರ ಟ್ರಸ್ಟಿಗಳು ತಕರಾರು ತೆಗೆದರು. ಬೆಲೆ ಇಳಿಸಿ, ಇಲ್ಲವೇ ಜಮೀನನ್ನೇ ಕೊಂಡುಕೊಳ್ಳಿ ಎಂದರು. ಕೊಂಡೇಬಿಡೋಣ ಎಂದು ಹಟ ಹಿಡಿದವರು ಮೆಕೆಂಜಿ. 1893ರಲ್ಲಿ ಸುಮಾರು 2 ಲಕ್ಷ 60 ಸಾವಿರ ಪೌಂಡಿಗೆ ವ್ಯವಹಾರ ಮುಗಿಯಿತು. ಎಸ್ಟೇಟನ್ನು ಒಡೆದು ಹಂಚಿದರು. ಕುರಿಗಳಷ್ಟೇ ಓಡಾಡುತ್ತಿದ್ದ ಕಡೆ ಒಲೆ ಹೊತ್ತಿತು, ಶಾಲೆ ಬಂತು. ಮುಂದೆ, 1894ರಲ್ಲಿ, ಧಣಿ ಒಪ್ಪದಿದ್ದರೂ ಎಸ್ಟೇಟು ಕೊಳ್ಳುವ ಅಧಿಕಾರವನ್ನು ಕಾಯ್ದೆಯೇ ಕೊಟ್ಟಿತು.

1900ರಲ್ಲಿ ಕಾಯಿಲೆ ಬಿದ್ದು ಅವರು ಮಂತ್ರಿಗಿರಿ ಬಿಟ್ಟರು. ಮರುವರ್ಷ ಸರ್ ಪದವಿ ಬಂತು, ಆಗಸ್ಟಿನಲ್ಲಿ ತೀರಿಕೊಂಡರು.

ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಕಥೆ ಹೇಳಿದಂತೆ. ಇದೇ ಸರ್ಕಾರ 1890ರ ದಶಕದಲ್ಲಿ ಮಾವೋರಿ ಮೂಲನಿವಾಸಿಗಳಿಂದ 25 ಲಕ್ಷ ಎಕರೆಗೂ ಹೆಚ್ಚು ಜಮೀನು ಕೊಂಡಿತು. 1894ರ ಇನ್ನೊಂದು ಕಾಯ್ದೆ ಮಾವೋರಿಗಳು ಖಾಸಗಿಯವರಿಗೆ ಮಾರುವುದನ್ನು ತಡೆಯಿತು. ಕೊಳ್ಳುವವನು ಒಬ್ಬನೇ ಆದಾಗ ಅವನು ಹೇಳಿದ್ದೇ ಬೆಲೆ. ಹೊಸ ರೈತರಿಗೆ ಸಿಕ್ಕ ಎಷ್ಟೋ ಹೊಲಗಳು ಹೀಗೆ ಬಂದವು.

ಗ್ಲೆನ್‌ಕಾಲ್ವಿಯ ನೋವು ಅಷ್ಟು ಆಳವಾಗಿ ತಟ್ಟಿದ ಮನುಷ್ಯನಿಗೆ ಇದು ಯಾಕೆ ಕಾಣಲಿಲ್ಲ? ಉಳದೆ ಬಿಟ್ಟ ಜಮೀನು ಪಾಳು ಎಂದು ಅವರು ಗಟ್ಟಿಯಾಗಿ ನಂಬಿದ್ದರು. ಕುರಿ ಧಣಿಗೆ ಹಿಡಿದ ಆ ಅಳತೆಯನ್ನೇ ಮಾವೋರಿಗಳ ಕಾಡಿಗೂ ಹಿಡಿದರು. ಪೂರ್ವಜರಿಂದ ಬಂದ ನೆಲದ ಮೇಲೆ ಒಂದು ಕುಲಕ್ಕಿರುವ ನಂಟು ಆ ಲೆಕ್ಕಕ್ಕೆ ಸಿಗಲಿಲ್ಲ. ನನ್ನ ಕಣ್ಣಿಗೆ ಇದು ಅವರ ಬದುಕಿನ ದೊಡ್ಡ ಅನ್ಯಾಯ. ಅವರು ಮಾಡಿದ ಒಳ್ಳೆಯದರಿಂದ ಇದು ಅಳಿಸಿಹೋಗುವುದಿಲ್ಲ.

ಮಾವೋರಿಗಳ ದೂರು ಕೇಳಲು ನ್ಯೂಜಿಲೆಂಡ್ 1975ರಲ್ಲಿ ವೈಟಾಂಗಿ ನ್ಯಾಯಮಂಡಳಿ ನೇಮಿಸಿತು. ಬ್ರಿಟಿಷರಿಗೂ ಮಾವೋರಿಗಳಿಗೂ ವೈಟಾಂಗಿ ಒಪ್ಪಂದವಾದ 1840ರಿಂದ ಈಚಿನ ದೂರುಗಳನ್ನೂ ಕೇಳಬಹುದೆಂದು ತೀರ್ಮಾನವಾದದ್ದು 1985ರಲ್ಲಿ. ಆಗ ಮೆಕೆಂಜಿಯವರ ಕಾಲದ ಖರೀದಿಗಳೂ ವಿಚಾರಣೆಗೆ ಬಂದವು.

ನಮಸ್ಕಾರ.