ಕತ್ತಿನ ಮಫ್ಲರ್, ಕಾರಿನ ಮಫ್ಲರ್

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಮೂವತ್ತು ವರ್ಷ ಐಟಿಐ ಹುಡುಗರಿಗೆ ಮೋಟಾರ್ ಮೆಕ್ಯಾನಿಕ್ ಪಾಠ ಹೇಳಿದವನು. ಇವತ್ತು ಎಂಜಿನ್ ಬಿಚ್ಚುವುದಿಲ್ಲ, ಹೆದರಬೇಡಿ. ಬರೀ ಹೆಸರುಗಳ ವಿಷಯ. ಹೊಸದಾಗಿ ಕಾರು ಕೊಂಡವರು, ಮೊಬೈಲಿನಲ್ಲಿ ವಿಡಿಯೋ ನೋಡಿ ಸಣ್ಣಪುಟ್ಟ ರಿಪೇರಿ ಕಲಿಯುವವರು, ಮಗನನ್ನೋ ಮಗಳನ್ನೋ ನೋಡಲು ಅಮೆರಿಕಕ್ಕೆ ಹೊರಟವರು, ಇಂಥವರು ಕೇಳುತ್ತಿದ್ದೀರಿ ಎಂದುಕೊಂಡು ಮಾತಾಡುತ್ತೇನೆ.

ಹೇಳುವುದು ಒಂದೇ ಮಾತು. ಕಾರಿನ ಯಾವುದೇ ಭಾಗದ ಹೆಸರು ಕಿವಿಗೆ ಬಿದ್ದರೆ, ಅದು ಯಾವ ದೇಶದ ಮಾತು ಅಂತ ಮೊದಲು ನೋಡಿ. ಬ್ರಿಟನ್ನಿನದಾ, ಅಮೆರಿಕದ್ದಾ? ಅಷ್ಟು ಗೊತ್ತಾದರೆ ಮುಕ್ಕಾಲು ಕೆಲಸ ಮುಗಿಯಿತು.

ಇಂಗ್ಲಿಷ್ ಒಂದೇ, ಹೆಸರು ಯಾಕೆ ಎರಡು? ಅಮೆರಿಕದವರು ಬ್ರಿಟನ್ನಿನಿಂದ ಬೇರೆಯಾಗುತ್ತೇವೆ ಎಂದು ಸಾರಿದ್ದು 1776ರಲ್ಲಿ. ಜರ್ಮನಿಯ ಕಾರ್ಲ್ ಬೆಂಜ್ ತನ್ನ ಮೋಟಾರು ಗಾಡಿಗೆ ಪೇಟೆಂಟ್ ಪಡೆದದ್ದು 1886ರಲ್ಲಿ. ಅಂದರೆ ಮನೆ ಪಾಲಾಗಿ 110 ವರ್ಷ ಆದಮೇಲೆ ಹುಟ್ಟಿದ ಕೂಸು ಇದು. ಎರಡೂ ಮನೆಯವರು ತಮತಮಗೆ ತೋಚಿದ ಹೆಸರು ಇಟ್ಟರು.

ಹಿಂದೆ ಸಾಮಾನು ಇಡುವ ಜಾಗವನ್ನೇ ನೋಡಿ. ಕುದುರೆ ಸಾರೋಟಿನಲ್ಲಿ ಆ ಜಾಗಕ್ಕೆ ಬ್ರಿಟಿಷರು ಬೂಟ್ ಎನ್ನುತ್ತಿದ್ದರು. ಕಾರಿಗೂ ಅದನ್ನೇ ಮುಂದುವರಿಸಿದರು. ಅಮೆರಿಕದವರು ಹಳೇ ಕಾರುಗಳ ಬೆನ್ನಿಗೆ ನಿಜವಾದ ಟ್ರಂಕನ್ನೇ ಬಿಗಿಯುತ್ತಿದ್ದರು, ಅಜ್ಜಿಯರ ಹತ್ತಿರ ಇರುತ್ತಿತ್ತಲ್ಲ, ಅಂಥದ್ದು. ಅದಕ್ಕೆ ಅಲ್ಲಿ ಟ್ರಂಕ್. ನಾವು ಡಿಕ್ಕಿ ಅಂತೀವಿ. ಹಳೇ ಬ್ರಿಟಿಷ್ ಕಾರುಗಳ ಹಿಂದೆ ಮಡಚುವ ಸೀಟೊಂದು ಇರುತ್ತಿತ್ತು, ಅದರ ಹೆಸರು ಡಿಕ್ಕಿ ಸೀಟ್. ಸೀಟು ಹೋಯಿತು, ಹೆಸರು ನಮ್ಮಲ್ಲಿ ಉಳಿಯಿತು. "ಸಾರ್, ಹಿಂದಿನ ಗಾಡಿ ಡಿಕ್ಕಿಗೇ ಡಿಕ್ಕಿ ಹೊಡೀತು" ಅಂತ ಪ್ರತಿ ವರ್ಷ ಒಬ್ಬ ಹುಡುಗ ಹೇಳಿ ತಾನೇ ನಗುತ್ತಿದ್ದ.

ಪ್ರತಿ ವರ್ಷ ಇನ್ನೊಬ್ಬ ಕೇಳುತ್ತಿದ್ದ, "ಸಾರ್, ಎರಡರಲ್ಲಿ ಯಾವುದು ಸರಿ?" ನನಗೆ ರೇಗುತ್ತಿತ್ತು. ಈರುಳ್ಳಿಗೆ ಧಾರವಾಡದಲ್ಲಿ ಉಳ್ಳಾಗಡ್ಡಿ, ಮಂಗಳೂರು ಕಡೆ ನೀರುಳ್ಳಿ. ಯಾವುದು ಸರಿ ಅಂತ ಕೇಳ್ತೀರಾ? ಸಾರಿಗೆ ಬೀಳುವುದು ಒಂದೇ ಅಲ್ವಾ? ಅಂಗಡಿ ಯಾವ ಊರಿನದು ಅಂತ ನೋಡಿಕೊಂಡು ಕೇಳಬೇಕು, ಅಷ್ಟೇ.

ಇಷ್ಟು ಹೇಳುವ ನಾನೇ ಒಮ್ಮೆ ಅದನ್ನು ಮರೆತೆ. ಅದನ್ನು ಹೇಳಿಯೇ ಮುಂದೆ ಹೋಗುತ್ತೇನೆ.

ಕೆಲವು ವರ್ಷಗಳ ಹಿಂದೆ, ಜನವರಿ ತಿಂಗಳು, ಅಮೆರಿಕದಲ್ಲಿ ಮಗನ ಮನೆಯಲ್ಲಿದ್ದೆ. ಅವನ ಹಳೇ ಕಾರು ಟ್ರ್ಯಾಕ್ಟರಿನ ಹಾಗೆ ಸದ್ದು ಮಾಡುತ್ತಿತ್ತು. ಬಗ್ಗಿ ನೋಡಿದರೆ ಸೈಲೆನ್ಸರ್ ತುಕ್ಕು ಹಿಡಿದು ತೂತು ಬಿದ್ದಿತ್ತು. ಅಲ್ಲಿ ಚಳಿಗಾಲದಲ್ಲಿ ಹಿಮ ಕರಗಲಿ ಅಂತ ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಆ ಉಪ್ಪು ಕಾರಿನ ತಳವನ್ನು ತಿನ್ನುತ್ತದೆ. ಮಗ ಆಫೀಸಿಗೆ ಹೋಗಿದ್ದ. ನಾಲ್ಕು ಹೆಜ್ಜೆ ದೂರದಲ್ಲಿ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿ. ನಾನೇ ತಂದು ಅವನನ್ನು ಬೆರಗು ಮಾಡೋಣ ಎಂದುಕೊಂಡು ಹೊರಟೆ. ಮೈಕೊರೆಯುವ ಚಳಿ. ತಲೆಗೆ ಮಂಕಿ ಕ್ಯಾಪ್, ಕಣ್ಣು ಮೂಗು ಮಾತ್ರ ಹೊರಗೆ. ಅದರ ಮೇಲೆ ನಮ್ಮ ಮನೆಯವರು ಹೆಣೆದುಕೊಟ್ಟ ಮಫ್ಲರ್.

ಕೌಂಟರಿನಲ್ಲಿದ್ದವನಿಗೆ ನನ್ನ ಇಂಗ್ಲಿಷಿನಲ್ಲಿ ಕೇಳಿದೆ. "ಒಂದು ಸೈಲೆನ್ಸರ್ ಬೇಕು."

ಅವನು ನನ್ನ ಮಂಕಿ ಕ್ಯಾಪ್ ನೋಡಿದ. ಕೈ ನೋಡಿದ. ನಿಧಾನವಾಗಿ, "ಅದೆಲ್ಲ ಇಲ್ಲಿ ಸಿಗುವುದಿಲ್ಲ" ಅಂದ. ನಾನು ಬಿಡಲಿಲ್ಲ. "ಇದ್ದದ್ದು ತೂತಾಗಿದೆ. ಜೋರು ಸದ್ದು ಬರುತ್ತೆ. ಅಕ್ಕಪಕ್ಕದವರಿಗೆ ಗೊತ್ತಾಗುತ್ತೆ" ಅಂದೆ. ಅವನ ಮುಖ ಇನ್ನೂ ಬಿಳಿಚಿಕೊಂಡಿತು.

ಆಮೇಲೆ ತಿಳಿಯಿತು. ಅಮೆರಿಕದಲ್ಲಿ ಸೈಲೆನ್ಸರ್ ಅಂದರೆ ಬಂದೂಕಿನ ಸದ್ದು ಅಡಗಿಸುವ ಕೊಳವೆ! ಹೈರಂ ಪರ್ಸಿ ಮ್ಯಾಕ್ಸಿಮ್ ಎಂಬ ಅಮೆರಿಕದ ಎಂಜಿನಿಯರ್ 1909ರಲ್ಲಿ ಅದಕ್ಕೆ ಪೇಟೆಂಟ್ ಪಡೆದಿದ್ದ. ನಾನು ಮುಖ ಮುಚ್ಚಿಕೊಂಡು ಹೋಗಿ ಕೇಳಿದ್ದು ಅದನ್ನು!

ಕೊನೆಗೆ ಕಾರು, ಕಾರು ಎಂದು ಸ್ಟೀರಿಂಗ್ ತಿರುಗಿಸಿ ತೋರಿಸಿದೆ. ಬಾಯಿಂದ ಬುರ್ರ್ ಎಂದು ಸದ್ದನ್ನೂ ಮಾಡಿದೆ. ಅವನಿಗೆ ಜೀವ ಬಂತು. "ಓ, ಮಫ್ಲರ್!" ಅಂದ. ನಾನು ಕತ್ತು ಮುಟ್ಟಿಕೊಂಡು ಹೇಳಿದೆ, "ಮಫ್ಲರ್ ಇದೆಯಪ್ಪ, ಮನೆಯಲ್ಲಿ ಇನ್ನೂ ಎರಡಿದೆ. ನನಗೆ ಬೇಕಾಗಿರುವುದು ಸೈಲೆನ್ಸರ್." ಅಂಗಡಿಯಲ್ಲಿದ್ದ ನಾಲ್ಕೂ ಜನ ನಕ್ಕರು. ನಾನೂ ನಕ್ಕೆ, ಯಾಕೆ ಅಂತ ಗೊತ್ತಿಲ್ಲದೆ.

ಸುತ್ತಿ ಮುಚ್ಚಿ ಸದ್ದು ತಗ್ಗಿಸುವುದಕ್ಕೆ ಇಂಗ್ಲಿಷಿನಲ್ಲಿ ಮಫಲ್ ಅಂತಾರೆ. ಕತ್ತಿನದೂ ಅದೇ ಮಾತು, ಕಾರಿನದೂ ಅದೇ ಮಾತು. ಬ್ರಿಟನ್ನಿನ ಸೈಲೆನ್ಸರೇ ಅಮೆರಿಕದ ಮಫ್ಲರ್. ಯಾವ ದೇಶದಲ್ಲಿ ನಿಂತಿದ್ದೇನೆ ಅಂತ ನಾನು ಮೊದಲು ನೋಡಿಕೊಂಡಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಹೊತ್ತು ಬಹಳ ಹೋಯಿತು. ಬೇಗ ಹೇಳುತ್ತೇನೆ.

ಜಾಸ್ತಿ ಎಡವಿಸುವುದು ಹುಡ್. ಎಂಜಿನ್ ಮೇಲಿನ ಮುಚ್ಚಳ ಬ್ರಿಟನ್ನಿನಲ್ಲಿ ಬಾನೆಟ್, ಅಮೆರಿಕದಲ್ಲಿ ಹುಡ್. ಆದರೆ ಬ್ರಿಟನ್ನಿನಲ್ಲೂ ಹುಡ್ ಇದೆ, ಅದು ತೆರೆದ ಕಾರಿನ ಮಡಚುವ ಮಾಡು. ನಮ್ಮ ಆಟೋದ ಹುಡ್ ಹೊಲಿಸುತ್ತೀವಲ್ಲ, ಆ ಹುಡ್ ಬ್ರಿಟಿಷರದು. ವಿಡಿಯೋದವನು ಹುಡ್ ಎತ್ತಿ ಅಂದರೆ ಮಾಡು ಹುಡುಕಬೇಡಿ. ಅವನು ಎಲ್ಲಿಯವನು ನೋಡಿ.

ಗ್ಯಾಸ್ ಇನ್ನೊಂದು. ಅಮೆರಿಕದಲ್ಲಿ ಗ್ಯಾಸ್ ಅಂದರೆ ಪೆಟ್ರೋಲ್, ಸಿಲಿಂಡರ್ ಅಲ್ಲ. ಅವರಿಗೆ ಆಕ್ಸಿಲರೇಟರ್ ಕೂಡ ಗ್ಯಾಸ್ ಪೆಡಲ್. ಗ್ಯಾಲನ್ ಲೆಕ್ಕವೂ ಬೇರೆ. ಬ್ರಿಟನ್ನಿನದು ಸುಮಾರು 4.55 ಲೀಟರ್, ಅಮೆರಿಕದ್ದು 3.79. ಗ್ಯಾಲನ್ನಿಗೆ ಇಷ್ಟು ಮೈಲಿ ಅಂತ ಓದಿದಾಗಲೂ ಅದೇ ಪ್ರಶ್ನೆ, ಯಾವ ದೇಶದ ಗ್ಯಾಲನ್?

ಉಳಿದವನ್ನು ಬರೆದುಕೊಳ್ಳಿ, ಮೊದಲು ಬ್ರಿಟನ್, ಆಮೇಲೆ ಅಮೆರಿಕ. ಮುಂದಿನ ಗಾಜು ವಿಂಡ್‌ಸ್ಕ್ರೀನ್, ಅಲ್ಲಿ ವಿಂಡ್‌ಶೀಲ್ಡ್. ಗೇರ್‌ಬಾಕ್ಸ್, ಅಲ್ಲಿ ಟ್ರಾನ್ಸ್‌ಮಿಷನ್. ಇಂಡಿಕೇಟರ್, ಅಲ್ಲಿ ಟರ್ನ್ ಸಿಗ್ನಲ್. ಮುಂದಿನ ಚಕ್ರದ ಮೇಲಿನ ತಗಡು ವಿಂಗ್, ಅಲ್ಲಿ ಫೆಂಡರ್. ನಂಬರ್ ಪ್ಲೇಟ್, ಅಲ್ಲಿ ಲೈಸೆನ್ಸ್ ಪ್ಲೇಟ್. ಬಂಪರ್ ಒಂದು ಎರಡೂ ಕಡೆ ಬಂಪರ್, ಪುಣ್ಯ.

ಸ್ಟೆಪ್ನಿ ಬಗ್ಗೆಯೇ ಅರ್ಧ ಗಂಟೆ ಮಾತಾಡಬಹುದಿತ್ತು. ವೇಲ್ಸ್‌ನ ಲನೆಲ್ಲಿ ಊರಿನಲ್ಲಿ ಸ್ಟೆಪ್ನಿ ಸ್ಟ್ರೀಟ್ ಎಂಬ ಬೀದಿ ಇದೆ. ಕಾರುಗಳಿಗೆ ಬಿಡಿ ಚಕ್ರವೇ ಇಲ್ಲದ ಕಾಲದಲ್ಲಿ, 1904ರ ಹೊತ್ತಿಗೆ, ಅಲ್ಲಿ ಡೇವಿಸ್ ಅಣ್ಣತಮ್ಮಂದಿರು ಅದನ್ನು ಮಾಡಿದರು. ಬೀದಿಯ ಹೆಸರೇ ಚಕ್ರಕ್ಕೆ ಬಂತು. ಈಗ ಬ್ರಿಟನ್ನಿನಲ್ಲಿ ಅದು ಸ್ಪೇರ್ ವೀಲ್, ಅಮೆರಿಕದಲ್ಲಿ ಸ್ಪೇರ್ ಟೈರ್. ಎರಡೂ ಕಡೆ ಸ್ಟೆಪ್ನಿ ಅಂದರೆ ಮುಖ ನೋಡುತ್ತಾರೆ.

ಗಾಜಿನ ಆಚೆಯಿಂದ ಮುಗಿಸಿ ಅಂತ ಕೈ ಮಾಡುತ್ತಿದ್ದಾರೆ. ಆ ಮಫ್ಲರನ್ನು ಶನಿವಾರ ನಾನೂ ಮಗನೂ ಸೇರಿ ಹಾಕಿದೆವು. ನಾನು ಕಾರಿನಡಿ ಮಲಗಿ, "ಸ್ಪ್ಯಾನರ್ ಕೊಡೋ" ಅಂದೆ. ಅಲ್ಲೇ ಹುಟ್ಟಿದ ಮೊಮ್ಮಗಳು ಪೆಟ್ಟಿಗೆಯನ್ನೆಲ್ಲ ತಡಕಿ, "ತಾತ, ಇಲ್ಲಿ ಬರೀ ರೆಂಚ್ ಇದೆ" ಅಂದಳು.

ನಮಸ್ಕಾರ.