ನೋಲೆತ್‌ನಲ್ಲಿ ಮಲಗಿರೋ ಶಾನ್‌ಡಾಂಗ್‌ನ ಕೂಲಿಗಳು

ಸುತ್ತ ಹೊಲ, ನಡುವೆ ಚೀನೀ ಶೈಲಿಯ ಹೆಬ್ಬಾಗಿಲು. ಆದ್ರೆ ಇದು ಉತ್ತರ ಫ್ರಾನ್ಸ್. ನ್ವಾಯೆಲ್-ಸುರ್-ಮೇರ್ ಊರಿಗೆ ಸೇರಿದ ನೋಲೆತ್ ಅನ್ನೋ ಪುಟ್ಟ ಹಳ್ಳಿ. ಒಳಗೆ ಬನ್ನಿ. 800ಕ್ಕೂ ಹೆಚ್ಚು ಬಿಳಿ ಕಲ್ಲು, ಸಾಲು ಸಾಲು. ಮೊದಲ ಮಹಾಯುದ್ಧದ ಕಾಲಕ್ಕೆ ಚೀನಾದಿಂದ ಕೂಲಿಗೆ ಬಂದವರ ಸಮಾಧಿಗಳು ಇವು.

ಒಂದು ಕಲ್ಲನ್ನ ಹತ್ತಿರದಿಂದ ನೋಡೋಣ. ಚೀನೀ ಲಿಪಿಯಲ್ಲಿ ಹೆಸರು, ಇಂಗ್ಲಿಷಿನಲ್ಲಿ ಒಂದು ನಂಬರು. ನೇಮಕ ಆದ ದಿನವೇ ಬೆರಳಚ್ಚು ತಗೊಂಡು, ಈ ನಂಬರಿರೋ ಲೋಹದ ಪಟ್ಟಿಯನ್ನ ಕೈಗೆ ಬಿಗಿದುಬಿಡ್ತಿದ್ರು. ದಾಖಲೆಗಳಲ್ಲಿ ಆ ನಂಬರೇ ಅವನು. ಕಲ್ಲಿನ ಕೆಳಗೆ ಒಂದು ಸಾಲು: "ಸಾಯುವವರೆಗೂ ನಿಷ್ಠ". ಇಂಥ ನಾಲ್ಕೇ ನಾಲ್ಕು ಸಾಲುಗಳನ್ನ ಇಷ್ಟೂ ಕಲ್ಲುಗಳಿಗೆ ಹಂಚಿದ್ದಾರೆ. ಓದ್ತಾ ಹೋದ ಹಾಗೆ ನನಗೆ ಸಿಟ್ಟು ಬರುತ್ತೆ. ಯಾರ ಯುದ್ಧಕ್ಕೆ ಯಾರ ನಿಷ್ಠೆ?

1916ರ ಜುಲೈ 1, ಉತ್ತರ ಫ್ರಾನ್ಸಿನಲ್ಲಿ ಜರ್ಮನ್ನರ ವಿರುದ್ಧ ನಡೆದ ಸೊಮ್ ಕದನದ ಮೊದಲ ದಿನ. ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಬ್ರಿಟಿಷರ ಕಡೆ ಒಂದೇ ದಿನ 57,000ಕ್ಕೂ ಹೆಚ್ಚು ಜನ. ಬಂದೂಕು ಹಿಡಿಯೋಕೇ ಆಳಿಲ್ಲ, ಇನ್ನು ಹಡಗಿನ ಸರಕು ಇಳಿಸೋರು ಯಾರು, ರೈಲು ಹಳಿ ಹಾಕೋರು ಯಾರು? ಚೀನಾ ಆಗಿನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. ಆದ್ರೆ ಶಾನ್‌ಡಾಂಗ್ ಪ್ರಾಂತ್ಯದ ಕರಾವಳಿಯಲ್ಲಿ ವೇಹೈವೇ ಬಂದರು ಬ್ರಿಟಿಷರ ಗುತ್ತಿಗೆಯಲ್ಲಿತ್ತು. ಚೀನಾದಿಂದ ಆಳು ಸಾಗಿಸೋದೂ ಸಾಮ್ರಾಜ್ಯಕ್ಕೆ ಹೊಸದಲ್ಲ. 1904ರಿಂದ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಿಗೆ 60,000ಕ್ಕೂ ಹೆಚ್ಚು ಚೀನೀಯರನ್ನ ಹೀಗೇ ಕರಾರಿನ ಮೇಲೆ ಕಳಿಸಿ ಅಭ್ಯಾಸ ಆಗಿತ್ತು. ಫ್ರೆಂಚರು 1916ರಲ್ಲೇ ಜನ ತರಿಸಿಕೊಂಡ್ರು. ಬ್ರಿಟಿಷರ ಮೊದಲ ತಂಡ ವೇಹೈವೇ ಬಿಟ್ಟಿದ್ದು 1917ರ ಜನವರಿಯಲ್ಲಿ. ಎರಡೂ ಕಡೆ ಸೇರಿ ಸುಮಾರು 1,40,000 ಜನ. ಬ್ರಿಟಿಷರದ್ದು ಮೂರು ವರ್ಷದ ಕರಾರು, ದಿನಕ್ಕೆ ಒಂದು ಫ್ರಾಂಕ್, ಊರಲ್ಲಿರೋ ಮನೆಯವರಿಗೆ ತಿಂಗಳು ತಿಂಗಳು ಸ್ವಲ್ಪ ದುಡ್ಡು. ಮಳೆ ನಂಬಿ ಬದುಕೋ ರೈತನ ಮನೆಗೆ ತಿಂಗಳ ದುಡ್ಡು ಅಂದ್ರೆ ಏನು ಅಂತ ನಮ್ಮೋರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ.

ಅವರು ಬಂದ ದಾರಿ ಕೇಳಿ. 1917ರ ಫೆಬ್ರವರಿಯಲ್ಲಿ ಮೆಡಿಟರೇನಿಯನ್‌ನಲ್ಲಿ ಜರ್ಮನ್ ಜಲಾಂತರ್ಗಾಮಿ 'ಅಥೋಸ್' ಅನ್ನೋ ಫ್ರೆಂಚ್ ಹಡಗನ್ನ ಮುಳುಗಿಸ್ತು. ಅದರಲ್ಲಿ 500ಕ್ಕೂ ಹೆಚ್ಚು ಚೀನೀ ಕಾರ್ಮಿಕರು ಸತ್ತರು. ಬ್ರಿಟಿಷರು 80,000ಕ್ಕೂ ಹೆಚ್ಚು ಜನರನ್ನ ಪೆಸಿಫಿಕ್ ದಾಟಿಸಿ ಕೆನಡಾ ಮೂಲಕ ಕರೆತಂದ್ರು. ಕೆನಡಾಕ್ಕೆ ಕಾಲಿಡೋ ಚೀನೀಯನಿಗೆ ಆಗ 500 ಡಾಲರ್ ತಲೆಗಂದಾಯ. ಇವರಿಗೆ ಅದನ್ನ ಮನ್ನಾ ಮಾಡಿದ್ರು, ಆದ್ರೆ ಕೆಳಗಿಳಿಯೋ ಹಾಗಿಲ್ಲ. ಬಾಗಿಲಿಗೆ ಕಾವಲು ನಿಲ್ಲಿಸಿದ ರೈಲಿನಲ್ಲಿ ಒಂದು ಕಡಲ ತೀರದಿಂದ ಇನ್ನೊಂದಕ್ಕೆ ಸಾಗಿಸಿದ್ರು. ಈ ವಿಷಯ ಬರೀಬಾರದು ಅಂತ ಪತ್ರಿಕೆಗಳಿಗೂ ನಿರ್ಬಂಧ ಇತ್ತು.

ಇಲ್ಲಿ ಬಂದ ಮೇಲೆ ಕಂದಕ ತೋಡಿದ್ರು, ಟ್ಯಾಂಕ್ ರಿಪೇರಿ ಮಾಡಿದ್ರು, ಮದ್ದುಗುಂಡು ಹೊತ್ರು. 1918ರ ನವೆಂಬರಿನಲ್ಲಿ ಯುದ್ಧ ನಿಂತರೂ ಇವರ ಕೆಲಸ ನಿಲ್ಲಲಿಲ್ಲ. ಸಿಡಿಯದೇ ಉಳಿದ ಶೆಲ್‌ಗಳನ್ನ ಹೆಕ್ಕೋದು, ಕೊಳೆತ ಹೆಣಗಳನ್ನ ತೆಗೆದು ಹೂಳೋದು. ಇನ್‌ಫ್ಲುಯೆಂಜಾ ಬೇರೆ ಬಂತು.

ಇದರ ಮಧ್ಯೆ ನನಗೆ ತುಂಬ ಇಷ್ಟವಾಗೋ ಒಬ್ಬರಿದ್ದಾರೆ, ಜೇಮ್ಸ್ ಯೆನ್. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಓದಿ, ವೈಎಂಸಿಎ ಅನ್ನೋ ಕ್ರೈಸ್ತ ಯುವಜನ ಸಂಸ್ಥೆಯ ಪರವಾಗಿ 1918ರಲ್ಲಿ ಇಲ್ಲಿಗೆ ಹತ್ತಿರದ ಬೂಲೊನ್‌ಗೆ ಬಂದವರು. ಕಾರ್ಮಿಕರು ದಿನಾ ರಾತ್ರಿ ಮನೆಗೆ ಕಾಗದ ಬರೆಸಿಕೊಳ್ಳೋಕೆ ಇವರ ಹತ್ರ ಬರ್ತಿದ್ರು. ಬರೆದುಕೊಡೋದಕ್ಕಿಂತ ಬರೆಯೋದನ್ನೇ ಕಲಿಸೋಣ ಅಂತ ಪಾಠ ಶುರು ಮಾಡಿದ್ರು, ಅವರಿಗಾಗಿ ಪತ್ರಿಕೆನೂ ತಂದ್ರು. ಆಮೇಲೆ ಚೀನಾಕ್ಕೆ ಮರಳಿ, ಹಳ್ಳಿ ಹಳ್ಳಿಯಲ್ಲಿ ಸಾಕ್ಷರತೆಯ ಚಳವಳಿ ಕಟ್ಟಿದ್ರು.

1917ರ ಆಗಸ್ಟಿನಲ್ಲಿ ಚೀನಾ ಬ್ರಿಟನ್, ಫ್ರಾನ್ಸ್ ಇದ್ದ ಮಿತ್ರಪಕ್ಷಗಳ ಜೊತೆ ಸೇರ್ತು. ಜರ್ಮನಿ ಹಿಡಿದಿದ್ದ ಶಾನ್‌ಡಾಂಗ್‌ನ ಜಾಗ ವಾಪಸ್ ಸಿಗುತ್ತೆ ಅಂತ ಆಸೆ. 1919ರಲ್ಲಿ ವರ್ಸೈಲ್ಸ್‌ನ ಶಾಂತಿ ಒಪ್ಪಂದದಲ್ಲಿ ಆ ಹಕ್ಕನ್ನ ಎತ್ತಿ ಜಪಾನಿಗೆ ಕೊಟ್ರು! ಇಲ್ಲಿ ಸತ್ತವರಲ್ಲಿ ಹೆಚ್ಚಿನವರ ಊರು ಅದೇ ಶಾನ್‌ಡಾಂಗ್. ಮೇ 4ಕ್ಕೆ ಬೀಜಿಂಗ್‌ನ ವಿದ್ಯಾರ್ಥಿಗಳು ಬೀದಿಗಿಳಿದ್ರು. ಚೀನಾದ ಪ್ರತಿನಿಧಿಗಳು ಒಪ್ಪಂದಕ್ಕೆ ಸಹಿ ಹಾಕಲೇ ಇಲ್ಲ.

ನಮ್ಮ ದೇಶದ ಕಾರ್ಮಿಕರೂ ಇದೇ ಯುದ್ಧಕ್ಕೆ ಫ್ರಾನ್ಸಿಗೆ ಬಂದಿದ್ರು. ಅರಾಸ್ ಹತ್ತಿರ ಅಯೆತ್ ಅನ್ನೋ ಊರಲ್ಲಿ ಭಾರತೀಯರನ್ನೂ ಚೀನೀಯರನ್ನೂ ಒಂದೇ ಸ್ಮಶಾನದಲ್ಲಿ ಮಣ್ಣು ಮಾಡಿದ್ದಾರೆ. ಮುಂದಿನ ವಿಡಿಯೊ ಅಲ್ಲಿಂದ.